ದನಿ ದಪ್ಪವಾಯಿತೆಂದು ಅಳುವುದೇಕೆ?



ಈ ಸಲ ಕಾಡುಮಾವಿನ ಉಪ್ಪಿನಕಾಯಿ ಹಾಕುವ ಕ್ರಮ ಬರೆಯುತ್ತೇನೆಂದು ಹೇಳಿದ್ದೆ. ಅದು ಭರಣಿಯಲ್ಲೇ ಇರಲಿ. ಇನ್ನು ಹದಿನೈದು ದಿನ ಕೂತರೆ ಕೆಡುವ ವಸ್ತುವಲ್ಲ. ಮೊನ್ನೆ ಬಂದ ಒಂದು ಕಾಗದಕ್ಕೆ ಉತ್ತರ ತಡವಾದರೆ ಕೆಡುವುದು ಒಂದು ಹೆಣ್ಣುಮಗುವಿನ ಮನಸ್ಸು. ಹಾಗಾಗಿ ಮೊದಲು ಅದು.

ಬರೆದವರು ಒಬ್ಬ ತಾಯಿ. ಊರು, ಹೆಸರು ಬೇಡ ಎಂದಿದ್ದಾರೆ. ಮಗಳಿಗೆ ಹದಿನಾಲ್ಕು ವರ್ಷ. ಎಂಟನೇ ವಯಸ್ಸಿನಿಂದ ಸಂಗೀತ ಹೇಳಿಸುತ್ತಿದ್ದಾರೆ. ಹೋದ ವರ್ಷದಿಂದ ಹುಡುಗಿಯ ದನಿ ದಪ್ಪವಾಗಿಬಿಟ್ಟಿದೆ. ಫೋನ್ ಎತ್ತಿದರೆ ಆ ಕಡೆಯವರು "ಏನಪ್ಪಾ, ಅಮ್ಮ ಇದ್ದಾರಾ?" ಅನ್ನುತ್ತಾರಂತೆ. ಶಾಲೆಯ ವಾರ್ಷಿಕೋತ್ಸವದ ಗುಂಪು ಹಾಡಿನಲ್ಲಿ ಹಿಂದಿನ ಸಾಲಿಗೆ ನಿಲ್ಲಿಸಿ, "ನೀನು ಬಾಯಿ ಮಾತ್ರ ಆಡಿಸು, ಸಾಕು" ಎಂದರಂತೆ. ಅಂದಿನಿಂದ ಮಗು ತಂಬೂರಿ ಪೆಟ್ಟಿಗೆ ಮುಟ್ಟಿಲ್ಲ. ಮನೆಯ ಅಜ್ಜಿಗೆ ಬೇರೆಯೇ ಚಿಂತೆ. ಗಂಡು ದನಿಯ ಹುಡುಗಿಯನ್ನು ನಾಳೆ ಯಾರು ಒಪ್ಪುತ್ತಾರೆ ಅಂತ! ಕೊನೆಯಲ್ಲಿ ಆ ತಾಯಿ ಕೇಳಿದ್ದಾರೆ: "ಅಕ್ಕಾ, ದನಿ ತೆಳ್ಳಗಾಗುವುದಕ್ಕೆ ಏನಾದರೂ ಮನೆಮದ್ದು ಇದೆಯೇ?"

ಇಲ್ಲ ತಂಗೀ, ಇಲ್ಲ. ನಮ್ಮ ತಿತಿಮತಿಯಲ್ಲಿ ಮೆಣಸಿನ ಬಳ್ಳಿ ಹಬ್ಬದ ಮರವಿಲ್ಲ, ಹಿತ್ತಲಲ್ಲಿ ಶುಂಠಿ, ತೋಟದಲ್ಲಿ ಏಲಕ್ಕಿ, ಬಾಟಲಿಯಲ್ಲಿ ಜೇನು. ಮಳೆಗಾಲದಲ್ಲಿ ಮೆಣಸಿನ ಕಷಾಯ ಕಾಯದ ಮನೆಯೇ ಇಲ್ಲ. ಅದು ಕೆರೆಯುವ ಗಂಟಲಿಗೆ ಹಿತ, ಅಷ್ಟೆ. ದನಿಯನ್ನು ತೆಳ್ಳಗೆ ಮಾಡುವ ಸೊಪ್ಪು, ಬೇರು ಯಾವುದೂ ನಾನು ಕಂಡಿಲ್ಲ. ಯಾರಾದರೂ ಮಾರಲು ಬಂದರೆ ಬಾಗಿಲಲ್ಲೇ ಕಳಿಸಿಬಿಡಿ.

ದನಿ ಹುಟ್ಟುವುದು ಗಂಟಲಿನೊಳಗಿನ ಎರಡು ಮಡಿಕೆಗಳಿಂದ. ಸ್ವರತಂತು ಎನ್ನುತ್ತಾರೆ. ವೀಣೆಯ ತಂತಿಯದೇ ಲೆಕ್ಕ: ಉದ್ದ, ದಪ್ಪ ಇದ್ದರೆ ನಿಧಾನ ಅದುರುತ್ತದೆ, ಮಂದ್ರದಲ್ಲಿ ಕೇಳುತ್ತದೆ. ಗಂಡಸರು ಮಾತಾಡುವಾಗ ಅದು ಸೆಕೆಂಡಿಗೆ ಸುಮಾರು 100ರಿಂದ 120 ಸಲ ಅದುರಿದರೆ ಹೆಂಗಸರದು 200ರ ಆಸುಪಾಸು. ಹರೆಯ ಬರುವಾಗ ಗಂಡುಮಕ್ಕಳ ದನಿ ಒಡೆಯುವುದು ಎಲ್ಲರಿಗೂ ಗೊತ್ತು. ಹೆಣ್ಣುಮಕ್ಕಳದೂ ಒಂದಿಷ್ಟು ಇಳಿಯುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಕೆಲವರದು ಸ್ವಲ್ಪ ಹೆಚ್ಚೇ ಇಳಿಯುತ್ತದೆ.

ಹಾಗೆಂದು ಸುಮ್ಮನಿರಿ ಎನ್ನುವುದಿಲ್ಲ. ದನಿ ದಪ್ಪವಾಗುವುದು ಬೇರೆ, ಒಡಕಾಗುವುದು ಬೇರೆ. ಮೂರು ವಾರ ಕಳೆದರೂ ಗಂಟಲು ಬಿಡದಿದ್ದರೆ, ಹಾಡಿದರೆ ನೋವಾಗುತ್ತಿದ್ದರೆ, ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಲೇಬೇಕು. ಜೋರಾಗಿ ಕಿರುಚುವ ಮಕ್ಕಳಿಗೆ ಸ್ವರತಂತುವಿನ ಮೇಲೆ ಗಂಟು ಬರುವುದುಂಟು. ಥೈರಾಯ್ಡ್ ಕಡಿಮೆಯಾದರೂ ದನಿ ಭಾರವಾಗುತ್ತದೆ, ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುವ ವಿಷಯ. ದನಿಯ ಜತೆಗೆ ಮುಖದಲ್ಲಿ ಕೂದಲು, ಮುಟ್ಟಿನಲ್ಲಿ ಏರುಪೇರು ಇದ್ದರೆ ನಾಚಿಕೆ ಪಡದೆ ಅದನ್ನೂ ಹೇಳಿ. ಇದೇನೂ ಇಲ್ಲವೆಂದಾದರೆ ಅದು ಮಗುವಿನ ಸ್ವಂತ ದನಿ. ಅದಕ್ಕೆ ಮದ್ದು ಬೇಡ.

ಇನ್ನು ಹಾಡಿನ ವಿಷಯ. ನಮ್ಮ ಕನ್ನಡನಾಡಿನಲ್ಲೇ ಒಬ್ಬ ಹೆಂಗಸು, ತನ್ನ ತೆಳ್ಳನೆಯ ಇಂಪು ದನಿ ಹೋಗಿ ಗಂಡಸಿನಂಥ ದನಿ ಬಂದ ಮೇಲೆಯೇ ಹಿಂದೂಸ್ಥಾನದ ತುಂಬ ಹೆಸರಾದರು. ಗಂಗೂಬಾಯಿ ಹಾನಗಲ್. ಹೆಸರು ಕೇಳಿರುತ್ತೀರಿ. ದನಿಯನ್ನು ಕೇಳಿದ್ದೀರಾ? ಮದುವೆಯಾದ ಹೊಸತರಲ್ಲಿ ನಮ್ಮ ಮನೆಯ ರೇಡಿಯೋದಲ್ಲಿ ಆಕೆಯ ಹಾಡು ಬರುತ್ತಿದ್ದಾಗ ಒಳಗಿನಿಂದ ಅತ್ತೆಯವರು "ಯಾರು ಆ ಪಂಡಿತರು, ಚೆನ್ನಾಗಿ ಹಾಡ್ತಾರಲ್ಲ" ಎಂದಿದ್ದರು. ಹೆಂಗಸು ಅಂದರೆ ನಂಬಲೊಲ್ಲರು.

ಗಂಗೂಬಾಯಿ ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದ ಶುಕ್ರವಾರಪೇಟೆಯಲ್ಲಿ. ತಾಯಿ ಅಂಬಾಬಾಯಿ, ಕರ್ನಾಟಕ ಸಂಗೀತದ ಒಳ್ಳೆಯ ಹಾಡುಗಾರ್ತಿ. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರಂಥವರೇ ಧಾರವಾಡಕ್ಕೆ ಬಂದಾಗ ಕೂತು ಕೇಳುತ್ತಿದ್ದ ಹಾಡುಗಾರಿಕೆ ಅದು. ಹಾಡುವುದನ್ನೇ ಕುಲದ ಕಸುಬಾಗಿ ಮಾಡಿಕೊಂಡ ಹೆಂಗಸರ ಮನೆತನ. ಅಂಥವರನ್ನು ಆಗಿನ ಸಮಾಜ ಎಲ್ಲಿಟ್ಟಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಸುತ್ತ ಬ್ರಾಹ್ಮಣರ ಮನೆಗಳು. ಪಕ್ಕದ ಶ್ರೀಮಂತರ ಹಿತ್ತಲಿಂದ ಮಾವಿನಕಾಯಿ ಕದ್ದದ್ದಕ್ಕೆ ಹುಡುಗಿಯನ್ನು ಅಟ್ಟಿಸಿಕೊಂಡು ಬಂದರಂತೆ. ಕಾಯಿ ಹೋದದ್ದಕ್ಕಲ್ಲ, ಹಾಡುವವರ ಮಗಳು ಅಂಗಳ ಮುಟ್ಟಿದ್ದಕ್ಕೆ. ಮುಂದೆ ಅದೇ ಜನ ಮನೆಗೆ ಕರೆದು ಊಟ ಹಾಕಿದರೆಂದು ಗಂಗೂಬಾಯಿಯವರು ನೆನೆಯುತ್ತಿದ್ದರು, ಕಹಿಯಿಲ್ಲದೆ. ನಾನಾಗಿದ್ದರೆ ಹೋಗುತ್ತಿದ್ದೆನೋ ಇಲ್ಲವೋ!

1924ರಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. ಹನ್ನೊಂದು ವರ್ಷದ ಗಂಗೂಬಾಯಿ ಅಲ್ಲಿ ಸ್ವಾಗತಗೀತೆ ಹಾಡಿದಳು. ಅಷ್ಟು ದೊಡ್ಡ ಸಭೆಯಲ್ಲಿ ಹಾಡಲು ಆ ಮಗುವಿಗೆ ಹೆದರಿಕೆಯಾಗಲಿಲ್ಲವಂತೆ. ಹೆದರಿಕೆಯಾದದ್ದು ಊಟದ ಹೊತ್ತಿಗೆ. ಎಲ್ಲರೂ ಉಂಡೆದ್ದ ಮೇಲೆ "ನೀನು ಎಲೆ ಎತ್ತು" ಎಂದುಬಿಟ್ಟರೆ? ಸೋದರಿಯರೇ, ಇದನ್ನು ಓದಿದಾಗ ನನ್ನ ಕೈಯ ಸೌಟು ಹಾಗೇ ನಿಂತಿತು.

ಈಗ ಆ ತಾಯಿ ಅಂಬಾಬಾಯಿ ಮಾಡಿದ್ದನ್ನು ಕೇಳಿ. ಮಗಳ ಒಲವು ಹಿಂದೂಸ್ಥಾನಿ ಸಂಗೀತದ ಕಡೆಗೆ ಎಂದು ಕಂಡುಕೊಂಡರು. 1928ರಲ್ಲಿ ಮಗಳ ಪಾಠಕ್ಕಾಗಿಯೇ ಮನೆಯನ್ನು ಹುಬ್ಬಳ್ಳಿಗೆ ಎತ್ತಿದರು. ತನ್ನ ಕರ್ನಾಟಕೀ ಹಾಡು ಕಿವಿಗೆ ಬಿದ್ದು ಮಗಳ ಶೈಲಿ ಕಲಬೆರಕೆಯಾದೀತೆಂದು ತಾನೇ ಹಾಡುವುದನ್ನು ನಿಲ್ಲಿಸಿದರು! ಉಸ್ತಾದರು ಕೂತು ಕೇಳುತ್ತಿದ್ದ ಹಾಡನ್ನು, ಮಗಳಿಗೋಸ್ಕರ. 1932ರಲ್ಲಿ ತೀರಿಕೊಂಡರು. ಮಗಳು ಮೇಲೆ ಬಂದದ್ದನ್ನು ಕಣ್ಣಾರೆ ಕಾಣಲಿಲ್ಲ. ನನ್ನ ಕೇಳಿದರೆ ಗಂಗೂಬಾಯಿಯವರ ಮೊದಲ ಗುರು ಈಕೆಯೇ. ಆಮೇಲೆ ಕೃಷ್ಣಾಚಾರ್ಯ ಹುಲಗೂರರ ಬಳಿ ಒಂದಿಷ್ಟು ಕಲಿತರು.

ಹದಿನಾರರಲ್ಲಿ ಗುರುರಾವ್ ಕೌಲಗಿ ಎಂಬ ವಕೀಲರ ಕೈ ಹಿಡಿದರು. ನಾರಾಯಣ, ಬಾಬುರಾವ್, ಕೃಷ್ಣಾ ಎಂದು ಮೂವರು ಮಕ್ಕಳು. ಗುರುರಾಯರಿಗೆ ಹೆಂಡತಿಯ ಹಾಡಿನ ಮೇಲೆ ಅಭಿಮಾನವಿತ್ತು, ಆದರೆ ಕೈಹಾಕಿದ ವ್ಯವಹಾರಗಳು ಕೈಗೆ ಹತ್ತಲಿಲ್ಲ. ಸಂಸಾರದ ನೊಗ ಬಿದ್ದದ್ದು ಗಂಗೂಬಾಯಿಯವರ ಹೆಗಲಿಗೆ. ಹಾಡಿದರೆ ಅಕ್ಕಿ, ಇಲ್ಲದಿದ್ದರೆ ಸಾಲ.

ಆಗ ಅವರ ದನಿ ಹೇಗಿತ್ತು ಗೊತ್ತೇ? ತೆಳು, ಎತ್ತರ, ಗಾಜಿನ ಬಳೆಯ ಹಾಗೆ. 1930ರ ದಶಕದಲ್ಲಿ ಎಚ್.ಎಂ.ವಿ. ಕಂಪನಿಯವರು 'ಗಾಂಧಾರಿ' ಎಂಬ ಹೆಸರಿನಲ್ಲಿ ಅವರ ಪ್ಲೇಟು ತಂದರು. ಮೂರು ನಿಮಿಷದ ಹಾಡುಗಳು. ಕೇಳಿದರೆ ಇದು ಅದೇ ಗಂಗೂಬಾಯಿ ಎಂದು ಆಣೆ ಹಾಕಿದರೂ ನಂಬಲಾರಿರಿ. ಭಜನೆ, ಠುಮ್ರಿಗಳನ್ನೂ ಹಾಡುತ್ತಿದ್ದ ಕಾಲ ಅದು.

ಅವರಿಗೆ ಪಾಠ ಕೊಟ್ಟ ದೊಡ್ಡ ಗುರು ಸವಾಯಿ ಗಂಧರ್ವರು. ಕುಂದಗೋಳದ ರಾಮಭಾವು ಎಂಬುದು ಮನೆಯ ಹೆಸರು. ಮರಾಠಿ ನಾಟಕಗಳಲ್ಲಿ ಹೆಣ್ಣಿನ ವೇಷ ಹಾಕಿ ಹಾಡಿ ಹೆಸರಾದವರು. (ಗಂಡಸು ಹೆಣ್ಣಾಗಿ ಹಾಡಿದರೆ 'ಗಂಧರ್ವ' ಎಂಬ ಬಿರುದು. ಹೆಣ್ಣಿನ ದನಿ ದಪ್ಪವಾದರೆ ಹಿಂದಿನ ಸಾಲು. ಇರಲಿ.) ಮೊದಮೊದಲು ನಾಟಕ ಕಂಪನಿಯ ತಿರುಗಾಟದ ನಡುವೆ ಅಷ್ಟಿಷ್ಟು ಪಾಠ. ಅವರು ಊರಿಗೆ ಬಂದು ನೆಲೆಸಿದ ಮೇಲೆ ಮೂರು ವರ್ಷ ನೆಟ್ಟಗೆ ಪಾಠವಾಯಿತು. ಹುಬ್ಬಳ್ಳಿಯಿಂದ ಕುಂದಗೋಳ ಇಪ್ಪತ್ತು ಕಿಲೋಮೀಟರು. ಸಂಜೆ ರೈಲಿನಲ್ಲಿ ಹೋಗುವುದು, ರಾತ್ರಿ ರೈಲಿನಲ್ಲಿ ಬರುವುದು. ಮನೆಯಲ್ಲಿ ಚಿಕ್ಕ ಮಕ್ಕಳು. ದಾರಿಯಲ್ಲಿ "ಗಾನೇವಾಲಿ ಹೊಂಟಾಳ ನೋಡ್ರಿ" ಎಂದು ಕೂಗುವ ಪಡ್ಡೆಗಳು. ನಮ್ಮಲ್ಲಿ ಸಂಜೆ ಆರಾದರೆ ಗೋಣಿಕೊಪ್ಪಲಿಗೆ ಹೋಗಿ ಬರುವುದಕ್ಕೆ ನಾವು ಹತ್ತು ಸಲ ಯೋಚಿಸುತ್ತೇವೆ, ಆನೆ ಅಡ್ಡ ಬಂದರೆ ಅಂತ. ಆನೆ ಎಷ್ಟೋ ವಾಸಿ, ಮಾತಾಡುವುದಿಲ್ಲ!

ಅದೇ ಗುರುಗಳ ಮನೆಯಲ್ಲಿ ನೀರು ಹೊತ್ತು ಹಾಡು ಕಲಿಯುತ್ತಿದ್ದ ಒಬ್ಬ ಹುಡುಗ ರಾತ್ರಿ ಆಕೆಯನ್ನು ಸ್ಟೇಷನ್ ತನಕ ಬಿಟ್ಟು ಬರುತ್ತಿದ್ದನಂತೆ. ಆ ಹುಡುಗ ಗದಗಿನ ಭೀಮಸೇನ ಜೋಶಿ. ಕೊನೆಯ ತನಕ ಅಕ್ಕ-ತಮ್ಮನ ಹಾಗೆ ಇದ್ದರು.

ಸವಾಯಿ ಗಂಧರ್ವರ ಪಾಠ ಅಂದರೆ ನಮ್ಮ ಕಾಫಿ ಹಣ್ಣು ಕೊಯ್ಲಿನ ಹಾಗೆ, ಒಂದೊಂದೇ ಬಿಡಿಸಬೇಕು. ಒಂದು ಸ್ವರಗುಚ್ಛ ಕೊಟ್ಟರೆ ಅದನ್ನೇ ದಿನಗಟ್ಟಲೆ ತಿದ್ದುವುದು. ಅದು ಕೂರುವ ತನಕ ಮುಂದಿನದಿಲ್ಲ. ಜಿಪುಣ ದುಡ್ಡು ಎಣಿಸುವ ಹಾಗೆ ಸ್ವರವನ್ನು ಎಣಿಸಿ ಎಣಿಸಿ ಖರ್ಚು ಮಾಡಬೇಕು ಎಂಬ ಮಾತನ್ನು ಗಂಗೂಬಾಯಿಯವರು ಆ ಪಾಠ ನೆನೆದಾಗ ಹೇಳುತ್ತಿದ್ದರು. ತಿಂಗಳ ಕೊನೆಯಲ್ಲಿ ಸಂಸಾರ ನಡೆಸುವ ನಮಗೆ ಇದು ಬೇಗ ಅರ್ಥವಾದೀತು.

ಹೀಗೆ ಕಷ್ಟಪಟ್ಟು ಕಲಿತದ್ದು ಕೈಗೆ ಹತ್ತುವ ಹೊತ್ತಿಗೆ ಗಂಟಲು ಕೈಕೊಟ್ಟಿತು. ಟಾನ್ಸಿಲ್ ತೊಂದರೆ, ಅದಕ್ಕೆ ಚಿಕಿತ್ಸೆ. ಅದಾದ ಮೇಲೆ ಮೊದಲಿನ ದನಿ ಮರಳಲಿಲ್ಲ. ಗಾಜಿನ ಬಳೆ ಹೋಗಿ ಕಂಚಿನ ಗಂಟೆ ಬಂತು. ನೀವೇ ಲೆಕ್ಕ ಹಾಕಿ, ದನಿಯೇ ಅನ್ನವಾಗಿದ್ದ ಹೆಂಗಸು, ಮನೆ ತುಂಬ ಉಣ್ಣುವ ಬಾಯಿಗಳು. ಅಂಥವಳಿಗೆ ಈ ಬದಲಾವಣೆ ಎಂದರೆ ಏನು? ಹಾಡುವ ಹೆಂಗಸರಿಂದ ಜನ ಕೇಳುತ್ತಿದ್ದದ್ದು ಇಂಪು, ಬಳುಕು.

ಅವರು ಹಳೆಯ ದನಿಯನ್ನು ಹಿಂಬಾಲಿಸಿ ಹೋಗಲಿಲ್ಲ. ತಂಬೂರಿಯ ಶ್ರುತಿ ಇಳಿಸಿದರು. ಠುಮ್ರಿ, ಭಜನೆಗಳನ್ನು 1945ರ ಸುಮಾರಿಗೆ ಬದಿಗಿಟ್ಟು ಖಯಾಲನ್ನೇ ಹಿಡಿದರು. ಆಮೇಲೆ ಯಾರು ಲಘುಸಂಗೀತ ಕೇಳಿದರೂ, ನಾನು ಹಾಡುವುದು ರಾಗ ಮಾತ್ರ ಎಂದುಬಿಡುತ್ತಿದ್ದರು. ಆ ಭಾರದ ದನಿಗೆ ಕಿರಾನಾದ ವಿಳಂಬಿತ ನಡೆ ಹೇಳಿ ಮಾಡಿಸಿದಂತೆ ಒಪ್ಪಿತು. ಷಡ್ಜ ಹಿಡಿದು ನಿಂತರೆ ಮನೆಯ ಮಧ್ಯಕಂಬದ ಹಾಗೆ.

ಇಲ್ಲೊಂದು ವಿಷಯ ಹೇಳಬೇಕು. ನನ್ನ ಮಗ ಒಂದು ದಿನ ಫೋನಿನಲ್ಲಿ ಜರ್ಮನಿಯ ಗಾಯಕರೊಬ್ಬರ ಹಾಡು ಕೇಳಿಸಿದ. ಫ್ರಿಟ್ಸ್ ವುಂಡರ್ಲಿಷ್ ಅಂತ. ಭಾಷೆ ಒಂದಕ್ಷರ ತಿಳಿಯದಿದ್ದರೂ ಕೂತಲ್ಲಿಂದ ಏಳಲಾಗಲಿಲ್ಲ. ಅವರದ್ದು 'ಟೆನರ್' ದನಿಯಂತೆ, ಅಂದರೆ ಗಂಡಸರಲ್ಲಿ ಎತ್ತರದ್ದು. 1930ರಲ್ಲಿ ಕೂಸೆಲ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ಐದು ವರ್ಷಕ್ಕೇ ತಂದೆ ಇಲ್ಲ. ತಾಯಿ ಸಂಗೀತ ಹೇಳಿಕೊಟ್ಟು ಸಾಕಿದರು. ಕುಣಿತದ ವಾದ್ಯವೃಂದದಲ್ಲಿ ಕೊಂಬು ಊದಿ ಓದಿನ ಖರ್ಚು ಹೊಂದಿಸಿಕೊಂಡರು. 1955ರಲ್ಲಿ ಸ್ಟುಟ್‌ಗಾರ್ಟಿನ ಸಂಗೀತನಾಟಕ ಮಂದಿರ ಸೇರಿ ಹತ್ತೇ ವರ್ಷದಲ್ಲಿ ಯುರೋಪಿಗೆಲ್ಲ ಬೇಕಾದವರಾದರು. 1966ರ ಸೆಪ್ಟೆಂಬರಿನಲ್ಲಿ ಸ್ನೇಹಿತರೊಬ್ಬರ ಮನೆಯ ಮೆಟ್ಟಿಲಿನಿಂದ ಬಿದ್ದು ತೀರಿಹೋದರು. ಮೂವತ್ತಾರು ತುಂಬಲು ಕೆಲವೇ ದಿನ ಬಾಕಿ ಇತ್ತು, ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ರಂಗದಲ್ಲಿ ಮೊದಲ ಸಲ ಹಾಡುವುದಿತ್ತು. ಅದೇ 1966ರಲ್ಲೇ ಇತ್ತ ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಗುರುರಾಯರನ್ನು ಕಳೆದುಕೊಂಡರು. ಒಂದಕ್ಕೊಂದು ಸಂಬಂಧವಿಲ್ಲ, ನನ್ನ ಮನಸ್ಸು ಜೋಡಿಸಿತು, ಅಷ್ಟೆ.

ಆ ಪಾಶ್ಚಾತ್ಯ ಪದ್ಧತಿಯಲ್ಲಿ ದನಿಗೊಂದೊಂದು ಮಣೆ. ಎತ್ತರದ ಹೆಣ್ಣು ದನಿ ಸೊಪ್ರಾನೊ, ತಗ್ಗಿನದು ಕಾಂಟ್ರಾಲ್ಟೊ. ಗಂಡಸರಲ್ಲಿ ಮೇಲಿನದು ಟೆನರ್, ತೀರ ಕೆಳಗಿನದು ಬಾಸ್. ನಾಟಕದ ಹಾಡನ್ನು ಯಾವ ಎತ್ತರಕ್ಕೆ ಬರೆದಿದ್ದಾರೋ ಆ ಎತ್ತರಕ್ಕೇ ಹಾಡಬೇಕು. ನಾಯಕಿಯ ಪಾತ್ರ ಹೆಚ್ಚಾಗಿ ಸೊಪ್ರಾನೊಗೆ. ತಗ್ಗು ದನಿಯ ಹೆಂಗಸಿಗೆ ಸಿಗುವುದು ಮುದುಕಿ, ಮಾಟಗಾತಿ, ಇಲ್ಲವೇ ಗಂಡು ವೇಷ. ನಮ್ಮಲ್ಲಿ ಹಾಗಿಲ್ಲ ನೋಡಿ. ಷಡ್ಜ ಇಂಥ ಕಡೆಯೇ ಇರಬೇಕೆಂಬ ಕಟ್ಟಳೆ ಇಲ್ಲ. ನಿಮ್ಮ ಗಂಟಲು ಎಲ್ಲಿ ಹಾಯಾಗಿ ನಿಲ್ಲುತ್ತದೋ ಅಲ್ಲಿ ನಿಮ್ಮ 'ಸ'. ತಂಬೂರಿ ಗಾಯಕಿಯ ಹಿಂದೆ ಬರುತ್ತದೆ. ಸಾಮಾನ್ಯವಾಗಿ ಹೆಣ್ಣುಮಕ್ಕಳು ಐದು ಮನೆಯ ಆಸುಪಾಸು, ಗಂಡಸರು ಒಂದು ಮನೆಯ ಆಸುಪಾಸು ಶ್ರುತಿ ಇಟ್ಟುಕೊಳ್ಳುತ್ತಾರೆ. ಇದು ವಾಡಿಕೆ, ಶಾಸ್ತ್ರವಲ್ಲ.

ಆದ್ದರಿಂದ ತಂಗೀ, ಮಗಳ ಪಾಠದ ಮೇಡಂ ಬಳಿ ನೀವೇ ಹೋಗಿ ಒಂದು ಮಾತು ಕೇಳಿ: ಇವಳಿಗೆ ಯಾವ ಶ್ರುತಿ ಕೊಟ್ಟಿದ್ದೀರಿ? ಹತ್ತು ಮಕ್ಕಳಿಗೂ ಸೇರಿಸಿ ಒಂದೇ ಶ್ರುತಿಪೆಟ್ಟಿಗೆ ಹಾಕಿ, ಆರು ವರ್ಷದ ಹಿಂದಿನ ಎತ್ತರದಲ್ಲೇ ಹಾಡಿಸುತ್ತಿದ್ದರೆ ಮಗು ತಾರಸ್ಥಾಯಿಯಲ್ಲಿ ಒದ್ದಾಡುತ್ತದೆ, ಗಂಟಲು ಬಿಗಿಯುತ್ತದೆ, ಕಿರುಚಿದ ಹಾಗೆ ಕೇಳುತ್ತದೆ. ಒಂದೊಂದೇ ಮನೆ ಇಳಿಸುತ್ತ ಬನ್ನಿ. ಕೆಳಗೆ ಮಂದ್ರದ ಪಂಚಮ, ಮೇಲೆ ತಾರದ ಗಾಂಧಾರ ಎರಡೂ ನೋವಿಲ್ಲದೆ ಮುಟ್ಟುವ ಜಾಗ ಸಿಕ್ಕಿತೆಂದರೆ ಅದೇ ಅವಳ ಶ್ರುತಿ. ಬೆಳೆಯುವ ಮಗುವಾದ್ದರಿಂದ ಆರು ತಿಂಗಳಿಗೊಮ್ಮೆ ಮತ್ತೆ ನೋಡಬೇಕು, ಲಂಗದ ಅಂಚು ಬಿಚ್ಚಿ ಉದ್ದ ಮಾಡುತ್ತೇವಲ್ಲ, ಹಾಗೆ. ಗುಂಪು ಹಾಡಿನಲ್ಲಿ ಸ್ಥಾನವಿಲ್ಲದಿದ್ದರೆ ಬೇಡ. ಆದರೆ ಬಾಯಿ ಮಾತ್ರ ಆಡಿಸುವುದಕ್ಕೆ ಖಂಡಿತ ಕಳಿಸಬೇಡಿ. ಅಜ್ಜಿಯ ಚಿಂತೆಗೆ ನನ್ನಲ್ಲಿ ಉತ್ತರವಿಲ್ಲ. ದನಿ ಕೇಳಿ ಹುಡುಗಿಯನ್ನು ಬೇಡವೆನ್ನುವ ಮನೆಗೆ ಹುಡುಗಿ ಹೋಗದಿರುವುದೇ ಲೇಸು ಎಂದು ನನಗನಿಸುತ್ತದೆ.

ಗಂಗೂಬಾಯಿಯವರ ಮಗಳು ಕೃಷ್ಣಾ ತಾಯಿಯ ಹಿಂದೆಯೇ ಕೂತು ಜೀವನಪೂರ್ತಿ ದನಿಗೂಡಿಸಿದರು. ಮಗಳದು ತೆಳು ದನಿ, ತಾಯಿಯದು ಗಂಭೀರ. ತಾಯಿ ನಿಲ್ಲಿಸಿದ ಕಡೆ ಮಗಳು ಎತ್ತಿಕೊಂಡಾಗ ಕಲ್ಲುಬಂಡೆಯ ಮೇಲೆ ಸಣ್ಣ ತೊರೆ ಹರಿದ ಹಾಗಿರುತ್ತದೆ. ತನಗೇ ಕೀರ್ತಿ ತರುವಷ್ಟು ವಿದ್ಯೆ ಇದ್ದೂ ಕೃಷ್ಣಾ ತಾಯಿಯ ನೆರಳಲ್ಲೇ ಉಳಿದರು. ಒಳ್ಳೆಯದೋ ಕೆಟ್ಟದೋ, ನನಗೆ ತೀರ್ಮಾನವಾಗಿಲ್ಲ. 2004ರಲ್ಲಿ ಕ್ಯಾನ್ಸರ್ ಆ ಮಗಳನ್ನು ಕೊಂಡೊಯ್ದಿತು. ಅದಕ್ಕೆ ಮುಂಚೆ 2003ರಲ್ಲಿ ತಾಯಿಯೇ ಅಸ್ಥಿಮಜ್ಜೆಯ ಕ್ಯಾನ್ಸರಿನಿಂದ ಪಾರಾಗಿ ಬಂದಿದ್ದರು. ತೊಂಬತ್ತು ದಾಟಿದ ತಾಯಿ ಉಳಿದು ಮಗಳು ಹೋಗುವುದೆಂದರೆ!

ಪ್ರಶಸ್ತಿಗಳ ಪಟ್ಟಿ ಬೇಡ, ಉದ್ದವಾಗುತ್ತದೆ. 1971ರಲ್ಲಿ ಪದ್ಮಭೂಷಣ, 1973ರಲ್ಲಿ ಸಂಗೀತ ನಾಟಕ ಅಕಾಡೆಮಿಯದ್ದು, 2002ರಲ್ಲಿ ಪದ್ಮವಿಭೂಷಣ. ಇಷ್ಟಾದರೂ ಅವರ ಮನಸ್ಸಿನಲ್ಲಿ ಒಂದು ಮುಳ್ಳು ಇತ್ತು. ಮುಸಲ್ಮಾನ ಗಂಡಸು ಹಾಡಿದರೆ ಉಸ್ತಾದ್ ಆಗುತ್ತಾನೆ, ಹಿಂದೂ ಗಂಡಸು ಪಂಡಿತನಾಗುತ್ತಾನೆ, ಕೇಸರಬಾಯಿ, ಮೋಗೂಬಾಯಿಯಂಥ ಮಹಾ ಗಾಯಕಿಯರು ಮಾತ್ರ ಬರೀ ಬಾಯಿಗಳಾಗಿಯೇ ಉಳಿಯುತ್ತಾರೆ ಎಂದು ಆಡಿ ತೋರಿಸುತ್ತಿದ್ದರು. ನನ್ನ ಅತ್ತೆಯವರು ಒಳಗಿನಿಂದಲೇ 'ಪಂಡಿತರು' ಎಂದದ್ದು ಅವರ ಕಿವಿಗೆ ಬಿದ್ದಿದ್ದರೆ ನಗುತ್ತಿದ್ದರೇನೋ.

2006ರ ಮಾರ್ಚಿನಲ್ಲಿ, ಹಾಡಲು ತೊಡಗಿ 75 ವರ್ಷವಾದ ನೆನಪಿಗೆ, ಕೊನೆಯ ಕಚೇರಿ ಮಾಡಿದರು. ತೊಂಬತ್ತಮೂರು ವಯಸ್ಸು. ಅಡುಗೆಮನೆಯಲ್ಲಿ ಕೂತೆದ್ದರೆ ಮಂಡಿ ಹಿಡಿಯಿತೆನ್ನುವ ನಾವು ಕೇಳಬೇಕಾದ ಮಾತು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ಕಣ್ಣುಗಳನ್ನು ದಾನ ಕೊಟ್ಟಿದ್ದರು. ನಮಗೆ ಹತ್ತಿರದ ಮೈಸೂರಿನಲ್ಲಿರುವ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು. ಎಲೆ ಎತ್ತಿಸುತ್ತಾರೇನೋ ಎಂದು ಹೆದರಿದ್ದ ಹುಡುಗಿಯ ಹೆಸರು! 2014ರಲ್ಲಿ ಅಂಚೆಚೀಟಿಯೂ ಬಂತು.

ಕಾಗದ ಬರೆದ ತಾಯಿಗೆ ಇನ್ನೊಂದೇ ಕೆಲಸ ಹೇಳುತ್ತೇನೆ. ಕೇಳಿಸುವುದಕ್ಕೆ ಈಗ ಪ್ಲೇಟು, ಗ್ರಾಮಫೋನು ಏನೂ ಬೇಡ, ಕೈಯಲ್ಲಿರುವ ಫೋನೇ ಸಾಕು. ಮೊದಲು 'ಗಾಂಧಾರಿ' ಹೆಸರಿನ ಆ ಹಳೆಯ ಹಾಡು ಯಾವುದಾದರೂ ಒಂದು ಹಾಕಿ. ಹಾಡಿದವರು ಯಾರೆಂದು ಹೇಳಬೇಡಿ. ಆಮೇಲೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಗಂಗೂಬಾಯಿಯವರ ಮಾರವಾ, ಇಲ್ಲವೇ ರಾತ್ರಿ ಊಟವಾಗಿ ಪಾತ್ರೆಯೆಲ್ಲ ತೊಳೆದಿಟ್ಟ ಮೇಲೆ ಅಭೋಗಿ ಹಾಕಿ. ಅರ್ಧಗಂಟೆ ಯಾರೂ ಮಾತಾಡಬಾರದು, ಅಜ್ಜಿಯೂ. ಮುಗಿದ ಮೇಲೆ ಈ ಎರಡೂ ಒಬ್ಬರೇ ಎಂದು ಮಗಳಿಗೆ ಹೇಳಿ, ತಂಬೂರಿ ಪೆಟ್ಟಿಗೆಯನ್ನು ಅವಳ ಕೈಗೆಟಕುವ ಕಡೆ ಇಟ್ಟು ನೀವು ಮಲಗಲು ಹೋಗಿ.